ಒಂದೇ ಹೆಸರಿನ ಇಬ್ಬರು

ಬೆಳಗಿನ ಪಾಳಿಯ ಆಯಾ ಕಿಟಕಿಯ ಪರದೆ ಸರಿಸಿದಳು. ಬೆಳಕು ಕೊನೆಯ ಮಂಚದ ಮೇಲೆ ಬಿತ್ತು. ಅಲ್ಲಿ ಮಲಗಿದ್ದ ಹೆಂಗಸಿನ ತುಟಿ ನೀಲಿಗಟ್ಟಿತ್ತು.

"ಸಿಸ್ಟರ್! ಬೇಗ ಬನ್ನಿ!"

ನರ್ಸ್ ಓಡಿ ಬಂದಳು. ಉಸಿರು ಇದೆಯೋ ಇಲ್ಲವೋ ಅನ್ನುವಂತಿತ್ತು. ಮಂಚದ ಪಕ್ಕದಲ್ಲಿ ಔಷಧಿ ಪಂಪ್ ನಿಂತಿತ್ತು. ಗಂಟೆಗೆ ಇಷ್ಟೇ ಎಂದು ಲೆಕ್ಕ ಹಾಕಿ ನೋವಿನ ಔಷಧಿಯನ್ನು ನರಕ್ಕೆ ಬಿಡುವ ಪುಟ್ಟ ಯಂತ್ರ. ಪಾಳಿ ಶುರುವಾದಾಗ ಅವಳೇ ತುಂಬಿದ್ದ ಸಿರಿಂಜ್ ಅದು. ಸಂಜೆವರೆಗೆ ಬರಬೇಕಿತ್ತು. ಈಗ ತಳ ಕಂಡಿತ್ತು.

ನರ್ಸ್ ಸ್ಕ್ರೀನ್ ನೋಡಿದಳು. ಪಂಪ್ ನಿಲ್ಲಿಸಿ ಡಾಕ್ಟರನ್ನು ಕೂಗಿದಳು.

ಡಾಕ್ಟರು ಬಂದರು. ಮರುಮದ್ದು ಕೊಟ್ಟರು. ಉಸಿರಾಟದ ಕೊಳವೆ ಹಾಕಿದರು. ಜೀವ ಉಳಿಯಿತು, ಎಚ್ಚರ ಬರಲಿಲ್ಲ. ಹೊಟ್ಟೆಯ ಆಪರೇಷನ್ ಮುಗಿಸಿ ಇನ್ನೆರಡು ದಿನದಲ್ಲಿ ಮನೆಗೆ ಹೊರಡಬೇಕಿದ್ದ, ಬಟ್ಟೆ ಹೊಲಿದು ಬದುಕುವ ಹೊಲಿಗೆಯಾಕೆ ತೀವ್ರ ನಿಗಾ ಘಟಕ ಸೇರಿದಳು. ಬಸ್ ಡ್ರೈವರ್ ಆಗಿದ್ದ ಗಂಡ ಖಾಕಿ ಅಂಗಿಯಲ್ಲೇ ಓಡಿ ಬಂದ. ನೆಟ್ಟಗೆ ಪೊಲೀಸ್ ಸ್ಟೇಷನ್‌ಗೆ ಹೋದ.

*

ಇನ್‌ಸ್ಪೆಕ್ಟರ್ ವಾರ್ಡಿಗೆ ಬಂದಾಗ ಮಧ್ಯಾಹ್ನ. ಕಡಿಮೆ ಮಾತಿನ ಹೆಂಗಸು. ಕುರ್ಚಿ ಎಳೆದುಕೊಂಡು ನರ್ಸ್ ಎದುರು ಕೂತರು.

"ಎಷ್ಟು ಒತ್ತಿದ್ರಿ?"

"ಐದು ಮೇಡಂ. ಗಂಟೆಗೆ ಐದು ಎಂ.ಎಲ್."

"ಸ್ಕ್ರೀನ್ ಮೇಲೆ?"

"ಐವತ್ತೈದು ಇತ್ತು. ಆ ಗುಂಡಿ ಸವೆದಿದೆ. ಒಂದು ಸಲ ಒತ್ತಿದ್ರೆ ಎರಡು ಸಲ ಬೀಳುತ್ತೆ."

"ನೀವು ನೋಡ್ಲಿಲ್ವಾ?"

ನರ್ಸ್ ತಲೆ ತಗ್ಗಿಸಿದಳು. "ಪಕ್ಕದ ಮಂಚದವರು ವಾಂತಿ ಮಾಡ್ಕೊಂಡ್ರು. ಆ ಕಡೆ ಓಡಿದೆ. ಆದ್ರೆ ಹತ್ತು ದಾಟಿದ್ರೆ ಪಂಪ್ ಒಪ್ಪಬಾರದು ಮೇಡಂ. ಬೀಪ್ ಅಂತ ಕೂಗಿ ನಿಲ್ಲಬೇಕು. ಅದೇ ಧೈರ್ಯದ ಮೇಲೆ ನಾವು ಕೆಲಸ ಮಾಡೋದು."

"ಕೂಗಲಿಲ್ವಾ?"

"ಇಲ್ಲ."

ಪಂಪ್ ಕಂಪನಿಯಿಂದ ಇಬ್ಬರು ಬಂದಿದ್ದರು. ಒಬ್ಬ ಮಾಲೀಕ, ಕರವಸ್ತ್ರದಿಂದ ಕತ್ತು ಒರೆಸುತ್ತಲೇ ಇದ್ದ. ಇನ್ನೊಬ್ಬರು ಚೀಫ್ ಎಂಜಿನಿಯರ್. ನಗುಮುಖ, ಮೆತ್ತಗಿನ ಮಾತು. ಅವರು ಅದೇ ಪಂಪಿನಲ್ಲಿ ಐವತ್ತೈದು ಒತ್ತಿದರು. ಪಂಪ್ ಬೀಪ್ ಎಂದು ಚೀರಿ ನಿಂತುಬಿಟ್ಟಿತು.

"ನೋಡಿ ಮೇಡಂ. ಜಪ್ಪಯ್ಯ ಅಂದ್ರೂ ಒಪ್ಪಲ್ಲ."

"ಹಾಗಾದ್ರೆ ಔಷಧಿ ಹೋಗಿದ್ದು ಹೇಗೆ?"

"ಸಿರಿಂಜನ್ನ ಕೈಯಿಂದ ತಳ್ಳಿರಬೇಕು." ಎಂಜಿನಿಯರ್ ದನಿ ತಗ್ಗಿಸಿದರು. "ಪಾಪ, ಪಾಳಿ ಮೇಲೆ ಪಾಳಿ ಮಾಡ್ತಾರೆ. ತಲೆ ಕೆಟ್ಟಿರುತ್ತೆ. ಸ್ವಲ್ಪ ನೋಡ್ಕೊಂಡು ಕೇಸ್ ಹಾಕಿ."

"ಏನು ಒತ್ತಿದ್ರು ಅಂತ ಪಂಪಿಗೆ ನೆನಪಿರಲ್ವಾ?"

"ಇರುತ್ತೆ. ಆದ್ರೆ ಬೆಳಿಗ್ಗೆ ನಮ್ಮ ಸರ್ವೀಸ್‌ನವರು ಬಂದು ಪ್ರೋಗ್ರಾಂ ಹೊಸದು ಹಾಕಿದಾರೆ. ಆಗ ಹಳೇದೆಲ್ಲ ಅಳಿಸಿಹೋಗುತ್ತೆ."

"ಈ ಪಂಪಿಗೆ ಮಾತ್ರಾನಾ?"

"ಇಲ್ಲ, ವಾರ್ಡಿನ ಎಲ್ಲ ಪಂಪಿಗೂ. ಆಸ್ಪತ್ರೆಯವರೇ ಫೋನ್ ಮಾಡಿದ್ರು."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಡ್ರೈವರ್ ಒಳಗೆ ನುಗ್ಗಿದ. "ಕೈಯಿಂದ ತಳ್ಳಿದ್ಯಾ? ನನ್ನ ಹೆಂಡ್ತಿ ನಿನಗೇನು ಮಾಡಿದ್ಲು? ನಿನ್ನ ಮನೆ ಹಾಳಾಗ!" ಇಬ್ಬರು ಪೇದೆಗಳು ಅವನನ್ನು ಹಿಡಿದರು. ನರ್ಸ್ ಗೋಡೆಗೆ ಒತ್ತಿ ನಿಂತಳು. ಅಳಲಿಲ್ಲ.

ಅವಳನ್ನು ಸ್ಟೇಷನ್‌ಗೆ ಕರೆದೊಯ್ಯದೆ ದಾರಿ ಇರಲಿಲ್ಲ. ಜೀಪಿನಲ್ಲಿ ಇನ್‌ಸ್ಪೆಕ್ಟರ್ ಯೋಚಿಸಿದರು. ಸುಳ್ಳು ಹೇಳುವವಳು ಗುಂಡಿ ಸವೆದಿದೆ, ತಾನು ಸ್ಕ್ರೀನ್ ನೋಡಲಿಲ್ಲ ಎಂದು ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುತ್ತಾಳೆಯೇ? ಆದರೆ ಪಂಪ್ ಕಣ್ಣೆದುರೇ ಚೀರಿತ್ತು. ನಾಳೆ ಮಧ್ಯಾಹ್ನದೊಳಗೆ ಇವಳನ್ನು ಕೋರ್ಟಿಗೆ ಹಾಜರುಪಡಿಸಬೇಕು. ಕೊಲೆ ಯತ್ನದ ಕೇಸ್. ಆಸ್ಪತ್ರೆಯಲ್ಲಿ ಮಲಗಿದಾಕೆ ಕಣ್ಮುಚ್ಚಿದರೆ ಕೊಲೆ.

ಹಾಗಾದರೆ ಬೆಳಿಗ್ಗೆ ಅಳಿಸಿದ ಪ್ರೋಗ್ರಾಂ ಕೂಗುತ್ತಿತ್ತೇ? ಅವರು ಕಂಪನಿಗೆ ಫೋನ್ ಮಾಡಿ, ಇವತ್ತು ಬೆಳಿಗ್ಗೆವರೆಗೆ ಪಂಪಿನಲ್ಲಿದ್ದ ಹಳೆಯ ಪ್ರೋಗ್ರಾಮಿನ ಕೋಡ್ ಕೇಳಿದರು. ಸಂಜೆಯೊಳಗೆ ಪೆನ್‌ಡ್ರೈವ್ ಬಂತು.

*

ತಜ್ಞರ ವರದಿಗೆ ಕಾದರೆ ತಿಂಗಳು ಹಿಡಿಯುತ್ತದೆ. ಇನ್‌ಸ್ಪೆಕ್ಟರ್ ಅಕ್ಕನ ಗಂಡನನ್ನು ಹುಡುಕಿಕೊಂಡು ಹೋದರು. ಭಾವ ಪಾಲಿಟೆಕ್ನಿಕ್‌ನಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠ ಮಾಡುವ ಮೇಷ್ಟ್ರು. ಸಾಲಿನ ಕೊನೆಗೆ ಸೆಮಿಕೋಲನ್ ಹಾಕಿ ಎಂದು ದಿನವೂ ಬೈಯುವುದಕ್ಕೆ ಹುಡುಗರು ಇಟ್ಟ ಹೆಸರು ಸೆಮಿಕೋಲನ್. ಪೊಲೀಸ್ ಸ್ಟೇಷನ್ ಅಂದರೆ ಅವರಿಗೆ ಹೆದರಿಕೆ. ಅದಕ್ಕೇ ಕಾಲೇಜಿನ ಲ್ಯಾಬಿನಲ್ಲೇ ಕೂತರು.

"ಓದಿ ನೋಡಿದೆನಮ್ಮ," ಭಾವ ಕನ್ನಡಕ ಏರಿಸಿದರು. "ಚೆಕ್‌ಲಿಮಿಟ್ ಅಂತ ಒಂದು ಫಂಕ್ಷನ್, ಅಂದ್ರೆ ಒಂದು ಕೆಲಸ ಮಾಡೋ ತುಣುಕು, ಇದೆ. ಹತ್ತು ದಾಟಿದ್ರೆ ಬೇಡ ಅನ್ನುತ್ತೆ. ಅಚ್ಚುಕಟ್ಟಾಗಿದೆ. ತಪ್ಪು ಹುಡುಕಕ್ಕೆ ಆಗಲ್ಲ."

"ಓದಿದ್ದು ಸಾಕು. ಕಂಪೈಲ್ ಮಾಡಿ, ಓಡೋ ಪ್ರೋಗ್ರಾಂ ಕಟ್ಟಿ ನೋಡಿ ಭಾವ."

ಮೇಷ್ಟ್ರು ಕೀಲಿ ಒತ್ತಿದರು. ಸ್ಕ್ರೀನ್ ಮೇಲೆ ಸಾಲುಗಳು ಓಡಿದವು. ಕೊನೆಯಲ್ಲಿ ನಿಂತವು.

"ಅನ್‌ಡಿಫೈನ್ಡ್ ರೆಫರೆನ್ಸ್ ಟು ಬೀಪ್," ಭಾವ ಓದಿದರು. "ಲಿಂಕರ್ ಎರರ್."

"ಹಾಗಂದ್ರೆ?"

"ಇಂಥ ಪ್ರೋಗ್ರಾಂ ಒಂದೇ ಫೈಲಲ್ಲಿ ಇರಲ್ಲ. ಹತ್ತಾರು ಫೈಲು. ಒಂದೊಂದನ್ನೂ ಬೇರೆಬೇರೆ ಕಂಪೈಲ್ ಮಾಡ್ತೀವಿ. ಒಂದೊಂದರಿಂದಲೂ ಯಂತ್ರಕ್ಕೆ ಅರ್ಥವಾಗೋ ಒಂದು ಆಬ್ಜೆಕ್ಟ್ ಫೈಲ್ ಹುಟ್ಟುತ್ತೆ. ಕೊನೆಗೆ ಎಲ್ಲಾನೂ ಜೋಡಿಸಿ ಒಂದು ಪ್ರೋಗ್ರಾಂ ಮಾಡೋದು ಲಿಂಕರ್. ಇದಕ್ಕೆಲ್ಲ ಸೇರಿ ಬಿಲ್ಡ್ ಅಂತೀವಿ. ಒಂದು ಫೈಲು 'ಬೀಪನ್ನ ಕರೀರಿ' ಅನ್ನುತ್ತೆ. ಲಿಂಕರ್ ಮಿಕ್ಕ ಫೈಲುಗಳಲ್ಲಿ ಆ ಹೆಸರು ಹುಡುಕುತ್ತೆ. ಎಲ್ಲೂ ಸಿಗದಿದ್ರೆ ಈ ಎರರ್ರು."

"ಅಂದ್ರೆ ಒಬ್ಬ ಕಾಣೆಯಾಗಿದಾನೆ."

"ನಿನ್ನ ಭಾಷೇಲಿ ಹೇಳೋದಾದ್ರೆ ಹೌದು. ಬೀಪ್ ಇರೋ ಫೈಲು ನಮಗೆ ಕೊಟ್ಟಿಲ್ಲ."

ಇನ್‌ಸ್ಪೆಕ್ಟರ್ ಚೀಫ್ ಎಂಜಿನಿಯರ್‌ಗೆ ಫೋನ್ ಮಾಡಿದರು.

"ನೀವು ಕೊಟ್ಟ ಕೋಡ್ ಬಿಲ್ಡ್ ಆಗ್ತಿಲ್ಲ."

"ಅಯ್ಯೋ, ಗಡಿಬಿಡೀಲಿ ಒಂದು ಫೈಲ್ ಬಿಟ್ಟುಹೋಗಿದೆ ಮೇಡಂ. ತಪ್ಪು ತಿಳ್ಕೋಬೇಡಿ. ಈಗಲೇ ಕಳಿಸ್ತೀನಿ."

ಟೀ ಲೋಟ ಖಾಲಿಯಾಗುವ ಮೊದಲೇ ಮೇಲ್ ಬಂತು. ಬೀಪ್.ಸಿ. ನಾಲ್ಕೈದು ಸಾಲು. ಸದ್ದು ಮಾಡಿ ಸುಮ್ಮನಾಗುವ ಫಂಕ್ಷನ್, ಇನ್ನೇನೂ ಇಲ್ಲ. ಮತ್ತೆ ಜೋಡಿಸಿದರು. ಒಂದೂ ಎರರ್ ಇಲ್ಲ.

"ಹಾಲಿನಷ್ಟು ಶುದ್ಧ," ಭಾವ ಬೇಸರದಿಂದಲೇ ಹೇಳಿದರು.

ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು. ಏನೋ ಚುಚ್ಚುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಆಸ್ಪತ್ರೆಗೆ ಕರೆ ಮಾಡಿದರು. ಹೊಲಿಗೆಯಾಕೆಗೆ ಇನ್ನೂ ಎಚ್ಚರವಿಲ್ಲ.

*

ಮಾರನೆಯ ಬೆಳಿಗ್ಗೆ ಪಂಪ್ ಕಂಪನಿಯ ಮಾಲೀಕನೇ ಫೋನ್ ಮಾಡಿದ. "ಮೇಡಂ, ಒಂದು ಮಾತು. ಚೆಕ್‌ಲಿಮಿಟ್ ಬರೆದವನು ಜಗಳ ಆಡಿ ಕೆಲಸ ಬಿಟ್ಟುಹೋದ. ನಿಮ್ಮನ್ನ ಬೀದಿಗೆ ತರ್ತೀನಿ ಅಂತ ಶಪಥ ಮಾಡಿದ್ದ. ಅವನನ್ನೂ ಒಂದ್ಸಲ ವಿಚಾರಿಸಿ."

ಕಂಪನಿಯಲ್ಲಿ ಅವನನ್ನು ಮುಂಗೋಪಿ ಎನ್ನುತ್ತಿದ್ದರಂತೆ. ಇನ್‌ಸ್ಪೆಕ್ಟರ್ ಭಾವನನ್ನೂ ಕರೆದುಕೊಂಡು ಹೋದರು. ಮುಂಗೋಪಿ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಹಳೆಯ ಕಂಪ್ಯೂಟರ್‌ಗಳ ನಡುವೆ ಕೂತಿದ್ದ. ಹೆಸರಿಗೆ ತಕ್ಕಂತೆ ಬಾಗಿಲಲ್ಲೇ ಸಿಡಿದ.

"ನಾನು ಬರೆದಿದ್ದು ಸರಿ ಇದೆ! ಬೇಕಾದ್ರೆ ತೆಗೆದು ನೋಡಿ!"

"ನೋಡಿದೀವಿ, ಸರಿಯಿದೆ," ಭಾವ ಹೆದರಿಕೊಂಡೇ ಹೇಳಿದರು.

ಅವನು ಸ್ವಲ್ಪ ತಣ್ಣಗಾದ.

"ಜಗಳ ಯಾಕೆ ಆಯ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಡೆಮೊ ವಿಷಯಕ್ಕೆ. ಆಸ್ಪತ್ರೆಯವರಿಗೆ ಪಂಪ್ ತೋರಿಸ್ಬೇಕಿತ್ತು. ಚೆಕ್‌ಲಿಮಿಟ್ ಇನ್ನೂ ಮುಗಿದಿಲ್ಲ, ಪರೀಕ್ಷೆ ಆಗ್ಬೇಕು, ತಡೀರಿ ಅಂದೆ. ತಡೀಲಿಲ್ಲ. ನಾನು ಫೈಲೇ ಕೊಟ್ಟಿರಲಿಲ್ಲ, ಡೆಮೊ ಮಾತ್ರ ಆಗೇಹೋಯ್ತು! ಹೇಗೆ ಅಂತ ಕೇಳಿದ್ದಕ್ಕೆ ಕಂಪನಿಯವರು ನಕ್ಕರು. ಆಮೇಲೆ ಫೈಲು ಮುಗಿಸಿ ಅವರ ಮೇಜಿನ ಮೇಲೆ ಎಸೆದು ಬಂದೆ."

ಭಾವ ತಟ್ಟನೆ ತಲೆ ಎತ್ತಿದರು. "ಫೈಲು ಇಲ್ಲದೆ ಬಿಲ್ಡ್ ಹೇಗಾಯ್ತು? ಮೇನ್ ಫೈಲು ಚೆಕ್‌ಲಿಮಿಟನ್ನ ಕರೆಯುತ್ತೆ. ಅನ್‌ಡಿಫೈನ್ಡ್ ರೆಫರೆನ್ಸ್ ಬರ್ಬೇಕಿತ್ತಲ್ಲ."

"ಬಂದಿರುತ್ತೆ. ಯಾರೋ ಅದರ ಬಾಯಿ ಮುಚ್ಚಿಸಿದಾರೆ."

"ಹೇಗೆ?" ಎಂದರು ಇನ್‌ಸ್ಪೆಕ್ಟರ್.

"ಅದೇ ಹೆಸರಿನ ಡಮ್ಮಿ ಬರೆದು," ಭಾವ ಹೇಳಿದರು. "ಎಷ್ಟು ಕೇಳಿದ್ರೂ ಸರಿ ಅನ್ನೋ ಚೆಕ್‌ಲಿಮಿಟ್. ಎರಡೇ ಸಾಲು. ಲಿಂಕರ್‌ಗೆ ಹೆಸರು ಸಿಕ್ಕರೆ ಸಾಕು, ಒಳಗೆ ಏನಿದೆ ಅಂತ ನೋಡಲ್ಲ."

ಕೆಳಗೆ ಬೀದಿಯಲ್ಲಿ ಯಾವುದೋ ಲಾರಿ ಹಾರ್ನ್ ಮಾಡುತ್ತಿತ್ತು.

"ಸಾಕ್ಷಿ ಬೇಕು," ಇನ್‌ಸ್ಪೆಕ್ಟರ್ ಎದ್ದರು. "ಹಳೇ ಪ್ರೋಗ್ರಾಂ ಇರೋ ಒಂದು ಪಂಪ್ ಬೇಕು."

*

ಲಾಕಪ್ಪಿನಲ್ಲಿ ನರ್ಸ್ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ತಿಂಡಿ ಮುಟ್ಟಿರಲಿಲ್ಲ.

"ವಾರ್ಡಿನ ಪಂಪಿಗೆಲ್ಲ ಹೊಸ ಪ್ರೋಗ್ರಾಂ ಹಾಕಿದಾರೆ. ಬಿಟ್ಟುಹೋದದ್ದು ಒಂದಾದ್ರೂ ಇದ್ಯಾ? ಯೋಚನೆ ಮಾಡಿ."

ನರ್ಸ್ ಕಣ್ಣು ಮುಚ್ಚಿದಳು. ಮರುಕ್ಷಣ ದಡಕ್ಕನೆ ಎದ್ದು ಕಂಬಿ ಹಿಡಿದಳು. "ಒಂದು ಮನೆಗೆ ಹೋಗಿದೆ! ಗಡಿಯಾರ ರಿಪೇರಿ ಅಜ್ಜನಿಗೆ. ಕ್ಯಾನ್ಸರ್ ಅವರಿಗೆ. ಮಗಳೇ ಸಿರಿಂಜ್ ಬದಲಾಯಿಸ್ತಾಳೆ. ಮೇಡಂ, ಇದೇ ಹೊತ್ತಿಗೆ ಬದಲಾಯಿಸೋದು!"

ಫೋನ್ ಮಾಡಿದರು. ರಿಂಗ್ ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಜೀಪ್ ಹೊರಟಿತು. ಸಿಗ್ನಲ್‌ನಲ್ಲಿ ನಿಲ್ಲಲಿಲ್ಲ. ಸಂದಿ ಇಕ್ಕಟ್ಟಾಗಿತ್ತು, ಇಳಿದು ಓಡಿದರು. ಇನ್‌ಸ್ಪೆಕ್ಟರ್ ಎರಡೆರಡು ಮೆಟ್ಟಿಲು ದಾಟಿ ಹತ್ತಿದರು. ಬಾಗಿಲು ಬಡಿದರು.

ನೀರು ಸೋರುವ ಕೈಯಲ್ಲಿ ಮಗಳು ಬಾಗಿಲು ತೆರೆದಳು. "ಬಟ್ಟೆ ಒಗೀತಿದ್ದೆ. ಏನಾಯ್ತು?"

"ಸಿರಿಂಜ್ ಬದಲಾಯಿಸಿದ್ರಾ?"

"ಇಲ್ಲ, ಈಗ ಬದಲಾಯಿಸ್ಬೇಕು. ಅಪ್ಪ ನಿದ್ದೆ ಮಾಡ್ತಿದಾರೆ."

ಇನ್‌ಸ್ಪೆಕ್ಟರ್ ಒಳಗೆ ಹೋಗಿ ಮುದುಕನ ಎದೆ ನೋಡಿದರು. ಏರುತ್ತಿತ್ತು, ಇಳಿಯುತ್ತಿತ್ತು. ಅಲ್ಲೇ ಗೋಡೆಗೊರಗಿ ನಿಂತುಕೊಂಡರು.

ಆಸ್ಪತ್ರೆಯಿಂದ ಡಾಕ್ಟರು ಬೇರೆ ಪಂಪ್ ತಂದು ಅಜ್ಜನಿಗೆ ಹಾಕಿದರು. ಹಳೆಯ ಪಂಪಿಗೆ ನೀರು ತುಂಬಿದ ಸಿರಿಂಜ್ ಸಿಕ್ಕಿಸಿ, ಕೊಳವೆಯನ್ನು ಲೋಟದೊಳಗೆ ಬಿಟ್ಟರು. ಇನ್‌ಸ್ಪೆಕ್ಟರ್ ಐವತ್ತೈದು ಒತ್ತಿದರು.

ಪಂಪ್ ಕೂಗಲಿಲ್ಲ. ಲೋಟಕ್ಕೆ ನೀರು ಒಂದೇ ಸಮನೆ ತೊಟ್ಟಿಕ್ಕತೊಡಗಿತು.

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು.

*

ಕಂಪನಿಯ ಆಫೀಸು ಒಂದು ಗೋದಾಮಿನ ಮೇಲಿತ್ತು. ಮಾಲೀಕ, ಚೀಫ್ ಎಂಜಿನಿಯರ್ ಇಬ್ಬರೂ ಇದ್ದರು. ಪೇದೆಗಳು ಬಾಗಿಲಲ್ಲಿ ನಿಂತರು. ಭಾವ ಎಂಜಿನಿಯರ್‌ನ ಕಂಪ್ಯೂಟರ್ ಮುಂದೆ ಕೂತರು. ಹೆದರಿಕೆ ಎಲ್ಲಿ ಹೋಗಿತ್ತೋ, ಕೀಬೋರ್ಡ್ ಸಿಕ್ಕ ಮೇಲೆ ಅವರು ಬೇರೆಯೇ ಮನುಷ್ಯ.

ಇನ್‌ಸ್ಪೆಕ್ಟರ್ ನಡೆದದ್ದು ಹೇಳಿದರು. ಮಾಲೀಕನ ಮುಖ ಬಿಳಿಚಿತು. "ಆ ಮುಂಗೋಪಿನೇ! ಅವನೇ ಏನೋ ಮಾಡಿಟ್ಟು ಹೋಗಿದಾನೆ!"

"ಹೌದು ಸರ್," ಚೀಫ್ ಎಂಜಿನಿಯರ್ ಮೆತ್ತಗೆ ಹೇಳಿದರು. "ನನಗೂ ಅದೇ ಅನುಮಾನ."

"ಹಳೇ ವರ್ಷನ್ನಿನ ಫೋಲ್ಡರ್ ಇಲ್ಲಿದೆ," ಭಾವ ಹೇಳಿದರು. "ಬೀಪ್.ಸಿ ಇದೆ. ಬದಲಾಗಿದ್ದು ನಿನ್ನೆ ಸಂಜೆ. ಆದ್ರೆ ಅದರಿಂದ ಹುಟ್ಟಿದ ಬೀಪ್.ಓ ಆಬ್ಜೆಕ್ಟ್ ಫೈಲು ಹೋದ ವರ್ಷದ್ದು. ಮಗು ಅಪ್ಪನಿಗಿಂತ ದೊಡ್ಡದು!"

ಯಾರೂ ನಗಲಿಲ್ಲ.

"ಮೊದಲು ಅವರು ಮಾಡಿದ ಹಾಗೇ ಜೋಡಿಸ್ತೀನಿ. ಮುಂಗೋಪಿ ಚೆಕ್‌ಲಿಮಿಟ್ ಬರೆದ ಲಿಮಿಟ್ ಫೈಲು ಲೈಬ್ರರಿಯೊಳಗಿದೆ, ಅಂದ್ರೆ ಬೇಕಾದಾಗ ಎತ್ತಿಕೊಳ್ಳೋ ಫೈಲುಗಳ ಗಂಟಿನಲ್ಲಿ." ಕೀಲಿ ಒತ್ತಿದರು. ಎರರ್ ಇಲ್ಲ. "ಈಗ ಆ ಲೈಬ್ರರಿನೇ ತೆಗೀತೀನಿ. ಚೆಕ್‌ಲಿಮಿಟ್ ಎಲ್ಲೂ ಇಲ್ಲ ಅಂತ ಲಿಂಕರ್ ಬಡ್ಕೋಬೇಕು." ಕೀಲಿ ಒತ್ತಿದರು.

ಆಗಲೂ ಎರರ್ ಬರಲಿಲ್ಲ.

"ಅಂದ್ರೆ ಆ ಹೆಸರಿಗೆ ಇನ್ಯಾರೋ ಓಗೊಡ್ತಿದಾರೆ," ಇನ್‌ಸ್ಪೆಕ್ಟರ್ ಹೇಳಿದರು. "ಯಾರು ಭಾವ?"

"ಲಿಂಕರ್ರೇ ಹೇಳುತ್ತೆ. ಲೈಬ್ರರಿಯಲ್ಲಿ ಇರೋದನ್ನ ಅದು ಬೇಕಾದ್ರೆ ಮಾತ್ರ ತಗೊಳ್ಳುತ್ತೆ. ಆ ಹೆಸರು ಮೊದಲೇ ಸಿಕ್ಕಿಬಿಟ್ಟಿದ್ರೆ ಲೈಬ್ರರಿ ಬಾಗಿಲು ತಟ್ಟಲ್ಲ, ಜಗಳಾನೂ ಆಡಲ್ಲ. ಈಗ ನಿಜವಾದ ಲಿಮಿಟ್ ಫೈಲನ್ನ ಲೈಬ್ರರಿಯಿಂದ ಹೊರಗೆ ತಂದು ನೇರವಾಗಿ ಕೊಡ್ತೀನಿ."

ಈ ಸಲ ಸ್ಕ್ರೀನ್ ಕೆಂಪಾಯಿತು. ಭಾವ ಒಂದೊಂದೇ ಪದ ಓದಿದರು. "ಮಲ್ಟಿಪಲ್ ಡೆಫಿನಿಷನ್ ಆಫ್ ಚೆಕ್‌ಲಿಮಿಟ್. ಒಂದೇ ಹೆಸರು ಎರಡು ಕಡೆ. ಮೊದಲನೇದು ಇರೋದು ಬೀಪ್.ಓ ಒಳಗೆ. ಇದನ್ನಿಟ್ಟು ಕಟ್ಟಿದ ಪ್ರೋಗ್ರಾಮೂ ಅಜ್ಜನ ಮನೆ ಪಂಪಿನಿಂದ ನಾನು ಆಗಲೇ ತೆಗೆದಿಟ್ಟ ಪ್ರೋಗ್ರಾಮೂ ಒಂದಕ್ಷರ ವ್ಯತ್ಯಾಸ ಇಲ್ಲದೆ ಒಂದೇ."

"ಅದನ್ನ ಮುಂಗೋಪಿ ಸೇರಿಸಿರಬಹುದಲ್ಲ?" ಮಾಲೀಕ ತೊದಲಿದ.

"ತನ್ನ ಫೈಲನ್ನ ತಾನೇ ಸುಳ್ಳು ಮಾಡೋಕೆ ಅವನಿಗೆ ಹುಚ್ಚಾ?" ಇನ್‌ಸ್ಪೆಕ್ಟರ್ ಚೀಫ್ ಎಂಜಿನಿಯರ್ ಕಡೆ ತಿರುಗಿದರು. "ನಿನ್ನೆ ಬೆಳಿಗ್ಗೆ ಆಸ್ಪತ್ರೆಯವರು ಒಂದೇ ಒಂದು ಪಂಪ್ ಕೆಟ್ಟಿದೆ ಅಂತ ಫೋನ್ ಮಾಡಿದ್ರು. ನಾನು ಅವರನ್ನ ಕೇಳಿದೆ. ನೀವು ಎಲ್ಲ ಪಂಪುಗಳ ಪ್ರೋಗ್ರಾಂ ಬದಲಾಯಿಸೋಕೆ ಹೇಳಿ ಕಳಿಸಿದ್ರಿ. ಕೆಟ್ಟಿದ್ದು ಒಂದಾದ್ರೆ ಮದ್ದು ಎಲ್ಲಕ್ಕೂ ಯಾಕೆ? ರೋಗ ಎಲ್ಲಿದೆ ಅಂತ ನಿಮಗೆ ಆಗಲೇ ಗೊತ್ತಿತ್ತು."

ಎಂಜಿನಿಯರ್ ಮುಖದ ನಗು ಹಾಗೇ ಉಳಿದಿತ್ತು, ಕಣ್ಣಲ್ಲಿ ಮಾತ್ರ ಇರಲಿಲ್ಲ.

"ಇನ್ನೊಂದು. ಬಿಲ್ಡ್ ಆಗ್ತಿಲ್ಲ ಅಂತಷ್ಟೇ ನಾನು ಅಂದೆ. ಯಾವ ಎರರ್ ಅಂತ ನೀವು ಕೇಳಲೇ ಇಲ್ಲ. ಬಿಲ್ಡ್ ಆಗದಿರೋಕೆ ನೂರು ಕಾರಣ ಇರುತ್ತಂತೆ. ಹುಡುಗರು ಬಂದು ಆಗ್ತಿಲ್ಲ ಸಾರ್ ಅಂದ್ರೆ ನಮ್ಮ ಭಾವ ಮೊದಲು ಕೇಳೋದೇ ಎರರ್ ಏನು ಅಂತ. ನೀವು ಕೇಳದೇ ಸರಿಯಾದ ಫೈಲನ್ನೇ ಕಳಿಸಿದ್ರಿ. ಅದನ್ನ ನೀವೇ ತೆಗೆದಿದ್ರಿ, ಅದಕ್ಕೆ. ಡಮ್ಮಿ ಇದ್ದದ್ದು ಆ ಫೈಲಲ್ಲೇ. ನಾವು ಕೋಡ್ ಓದ್ತೀವಿ ಅಷ್ಟೇ ಅಂದ್ಕೊಂಡ್ರಿ, ಕಟ್ಟಿ ನೋಡ್ತೀವಿ ಅಂದ್ಕೊಳ್ಳಲಿಲ್ಲ."

ಎಂಜಿನಿಯರ್ ಕುರ್ಚಿಗೆ ಕುಸಿದರು.

"ಮಾರನೇ ದಿನ ಡೆಮೊ ಇತ್ತು," ಅವರು ಹೇಳಿದರು. "ಅದೊಂದೇ ಎರರ್ ಉಳಿದಿತ್ತು. ಎರಡು ಸಾಲು ಬರೆದು ಬಾಯಿ ಮುಚ್ಚಿಸಿದೆ. ಆಮೇಲೆ ತೆಗೀಬೇಕು ಅಂತಿದ್ದೆ. ನಿಜವಾದ ಫೈಲು ಬಂದಾಗ ಲಿಂಕರ್ ತಾನಾಗೇ ಕೂಗುತ್ತೆ ಅಂದ್ಕೊಂಡೆ. ಕೂಗಲಿಲ್ಲ. ಮರೆತೇಹೋಯ್ತು. ನಿನ್ನೆ ಬೆಳಿಗ್ಗೆ ಫೋನ್ ಬಂದಾಗ..."

"ನೆನಪಾಯ್ತು."

"ಹೌದು."

"ಮರೆತಿದ್ದು ತಪ್ಪು," ಇನ್‌ಸ್ಪೆಕ್ಟರ್ ಹೇಳಿದರು. "ನೆನಪಾದ ಮೇಲೆ ಮಾಡಿದ್ದು ಅಪರಾಧ. ಆ ಹುಡುಗಿ ಕೈಯಿಂದ ತಳ್ಳಿರಬೇಕು ಅಂತ ನನ್ನ ಮುಖ ನೋಡಿ ಹೇಳಿದ್ರಿ." ಥಟ್ಟನೆ ಅವರಿಗೆ ಏನೋ ಹೊಳೆಯಿತು. "ಬೇರೆ ಆಸ್ಪತ್ರೆಗಳಲ್ಲೂ ಈ ಪಂಪ್ ಇದ್ಯಾ?"

ಎಂಜಿನಿಯರ್ ತಲೆ ಎತ್ತಲಿಲ್ಲ. "ಇವೆ. ಸದ್ದಿಲ್ಲದೆ ಒಂದೊಂದೇ ಬದಲಾಯಿಸೋಣ ಅಂತಿದ್ದೆ."

ಮಾಲೀಕ ಅವರನ್ನು ಒಂದು ಕ್ಷಣ ದಿಟ್ಟಿಸಿದ. ಹೊಡೆದೇಬಿಡುತ್ತಾನೆ ಅನ್ನಿಸಿತು. ಹೊಡೆಯಲಿಲ್ಲ. ಫೋನ್ ಎತ್ತಿಕೊಂಡ. "ಹಲೋ, ವಾರ್ಡ್ ಕೊಡಿ. ಬೇಗ ಕೊಡ್ರೀ! ನಮ್ಮ ಪಂಪ್ ಎಲ್ಲೆಲ್ಲಿ ಓಡ್ತಿದ್ಯೋ ಎಲ್ಲಾ ನಿಲ್ಲಿಸಿ. ಹೌದು, ಈಗಲೇ. ಕಾರಣ ಆಮೇಲೆ ಹೇಳ್ತೀನಿ." ಅದಿಟ್ಟು ಇನ್ನೊಂದಕ್ಕೆ. ಅದಿಟ್ಟು ಮತ್ತೊಂದಕ್ಕೆ. ಪ್ರತಿ ಕರೆಯ ನಡುವೆಯೂ ಕೋಣೆಯಲ್ಲಿದ್ದವರು ಕಾದರು. ಕೊನೆಯ ಆಸ್ಪತ್ರೆಯಿಂದ "ಎಲ್ಲರೂ ಚೆನ್ನಾಗಿದಾರೆ" ಎಂಬ ಮಾತು ಬಂದಾಗ ಭಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

*

ನರ್ಸ್ ಕೋರ್ಟಿಗೆ ಹೋಗಲಿಲ್ಲ. ಲಾಕಪ್ಪಿನ ಬೀಗ ತೆಗೆದಾಗ ಅವಳಿಗೆ ನಂಬಿಕೆಯಾಗಲಿಲ್ಲ.

"ನಾನು ಮನೆಗೆ ಹೋಗ್ಬಹುದಾ?"

"ಹೋಗ್ಬಹುದು."

"ಅವರಿಗೆ ಎಚ್ಚರ ಆಯ್ತಾ ಮೇಡಂ?"

ಇನ್‌ಸ್ಪೆಕ್ಟರ್‌ಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಆಕೆಯ ಸ್ಥಿತಿ ಕೇಳಲು ಧೈರ್ಯ ಬಂದಿರಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಬಸ್ ಡ್ರೈವರ್ ನಿಂತಿದ್ದ. ಅದೇ ಖಾಕಿ ಅಂಗಿ, ಗಡ್ಡ ಬಂದ ಮುಖ. ನರ್ಸ್ ಅವನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಪೇದೆ ನಡುವೆ ಬಂದ.

ಡ್ರೈವರ್ ಕೈ ಮುಗಿಯಲು ಹೋದ, ಅರ್ಧಕ್ಕೇ ಕೈ ಇಳಿಸಿದ.

"ಎದ್ದಿದಾಳೆ," ಕೊನೆಗೆ ಅಂದ. "ಈಗಷ್ಟೇ. ಕೊಳವೆ ತೆಗೆದ್ರು. ನನ್ನನ್ನ ನೋಡಿ ಮೊದಲು ಕೇಳಿದ್ದೇನು ಗೊತ್ತಾ?"

ನರ್ಸ್ ತಲೆ ಎತ್ತಿದಳು.

"ಆ ಬೆಳಗಿನ ಪಾಳಿ ಸಿಸ್ಟರ್ ಎಲ್ಲಿ, ಕೈ ಹಗುರ ಆ ಹುಡುಗೀದು, ಬೇರೆಯವರು ಸೂಜಿ ಚುಚ್ಚೋದು ಬೇಡ ಅಂತಾಳೆ." ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ತಪ್ಪು ಪಂಪಿನದು ಅಂತ ಪೇದೆ ಹೇಳಿದ. ನಾನು ಅವಳಿಗೆ ಏನಂತ ಹೇಳ್ಲಿ? ನೀವೇ ಬಂದುಬಿಡಿ ತಾಯಿ. ಬಸ್ ಇಲ್ಲೇ ನಿಲ್ಲಿಸಿದೀನಿ."

ಸ್ಟೇಷನ್ ಗೇಟಿನ ಮುಂದೆ ಖಾಲಿ ಬಸ್ಸೊಂದು ಎಂಜಿನ್ ಆರಿಸದೆ ನಿಂತಿತ್ತು. ನರ್ಸ್ ಇನ್‌ಸ್ಪೆಕ್ಟರ್ ಕಡೆ ತಿರುಗಿ ನೋಡಿದಳು. ಅವರು ತಲೆಯಾಡಿಸಿದರು. ಅವಳು ಕೆದರಿದ ಕೂದಲನ್ನು ಬೆರಳಿಂದಲೇ ಬಾಚಿ ಗಂಟು ಹಾಕಿಕೊಂಡು ಬಸ್ ಹತ್ತಿದಳು.